ಓದುಗರನ್ನು ಎಣಿಸದೆ ಕಾಯುವುದು: ಕರ್ನಲ್‌ನಲ್ಲಿ ಓದು-ಬರಹ ಹೊಂದಾಣಿಕೆಯ ಐದು ದಶಕ

ಆಪರೇಟಿಂಗ್ ಸಿಸ್ಟಂನ ಕರ್ನಲ್ ತನ್ನೊಳಗೆ ನೂರಾರು ಪಟ್ಟಿಗಳನ್ನು ಇಟ್ಟುಕೊಂಡಿರುತ್ತದೆ. ಯಾವ ಫೈಲು ಯಾವ ಡೈರೆಕ್ಟರಿಯಲ್ಲಿದೆ, ನೆಟ್‌ವರ್ಕ್ ಪ್ಯಾಕೆಟ್ ಯಾವ ದಾರಿ ಹಿಡಿಯಬೇಕು, ಯಾವ ಪ್ರೋಗ್ರಾಂಗೆ ಎಷ್ಟು ಮೆಮೊರಿ ಸೇರಿದೆ ಎಂಬುದೆಲ್ಲ ಇವುಗಳಲ್ಲಿ ದಾಖಲಾಗಿರುತ್ತದೆ. ಇವುಗಳನ್ನು ಓದುವ ಕೆಲಸ ಬಿಡುವಿಲ್ಲದೆ ನಡೆಯುತ್ತದೆ; ಬದಲಿಸುವ ಕೆಲಸ ಅಪರೂಪ. ಒಂದು ಪ್ರೊಸೆಸರ್ ಓದುತ್ತಿರುವಾಗಲೇ ಇನ್ನೊಂದು ಅದೇ ಪಟ್ಟಿಯನ್ನು ತಿದ್ದಿದರೆ, ಓದುಗನ ಕೈಗೆ ಅರ್ಧ ಹಳೆಯದು, ಅರ್ಧ ಹೊಸದು ಸಿಗಬಹುದು. ಅದಕ್ಕಿಂತ ಕೆಟ್ಟದ್ದೂ ಆಗಬಹುದು: ಆಗಲೇ ಬಿಡುಗಡೆಯಾದ ಮೆಮೊರಿಯನ್ನು ಹಿಡಿದುಕೊಂಡು ಇಡೀ ಯಂತ್ರವೇ ಕುಸಿಯಬಹುದು.

ಈ ಸಮಸ್ಯೆಯ ಇತಿಹಾಸವನ್ನು ಲಾಕ್ ಇದ್ದ ಕಾಲ, ಲಾಕ್ ಬಿಟ್ಟ ಕಾಲ ಎಂದು ಇಬ್ಭಾಗ ಮಾಡಿ ಹೇಳುವುದು ರೂಢಿ. ಮೂಲ ಪ್ರಬಂಧಗಳನ್ನೂ ಕರ್ನಲ್ ಬದಲಾವಣೆಗಳನ್ನೂ ಕಾಲಕ್ರಮದಲ್ಲಿ ಇಟ್ಟು ನೋಡಿದರೆ ಬೇರೆಯೇ ಎಳೆ ಕಾಣುತ್ತದೆ. ಒಳಗೆ ಎಷ್ಟು ಮಂದಿ ಓದುತ್ತಿದ್ದಾರೆ ಎಂಬ ಲೆಕ್ಕವನ್ನು ಯಾರು, ಎಲ್ಲಿ, ಯಾವಾಗ ಇಡಬೇಕು? ಐವತ್ತು ವರ್ಷಗಳ ಪ್ರಯತ್ನಗಳೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗಿವೆ.

ಎರಡು ಪುಟದ ಪ್ರಬಂಧ

ಎಡ್ಸ್‌ಗರ್ ಡೈಕ್‌ಸ್ಟ್ರಾ 1960ರ ದಶಕದಲ್ಲಿ ಸೆಮಫೋರ್ ಎಂಬ ಸಾಧನವನ್ನು ಕೊಟ್ಟರು. ಒಬ್ಬರು ಒಳಗಿದ್ದಾಗ ಮತ್ತೊಬ್ಬರು ಬಾರದಂತೆ ತಡೆಯಲು ಅದು ಸಾಕಾಗಿತ್ತು. ಆದರೆ ಓದುಗರು ಒಬ್ಬರಿಗೊಬ್ಬರು ತೊಂದರೆ ಕೊಡುವುದಿಲ್ಲ. ಅವರನ್ನೂ ಒಬ್ಬೊಬ್ಬರಾಗಿ ಬಿಡುವುದು ದಂಡ. ಈ ಭೇದವನ್ನು ಸಮಸ್ಯೆಯಾಗಿ ಸ್ಪಷ್ಟವಾಗಿ ಮಂಡಿಸಿದವರು ಕೂರ್ಟ್ವಾ, ಹೇಮಾನ್ಸ್ ಮತ್ತು ಡೇವಿಡ್ ಪಾರ್ನಸ್. ಅವರ ಪ್ರಬಂಧ 1971ರ ಅಕ್ಟೋಬರ್‌ನಲ್ಲಿ ಎಸಿಎಂ ಸಂಸ್ಥೆಯ ‘ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಬಂತು. ಬರೀ ಎರಡು ಪುಟ.

ಆ ಎರಡು ಪುಟದಲ್ಲಿ ಎರಡು ನೀತಿಗಳಿವೆ. ಮೊದಲನೆಯದರಲ್ಲಿ ಓದುಗರಿಗೆ ಆದ್ಯತೆ: ಬರೆಯುವವನು ಆಗಲೇ ಒಳಗಿದ್ದರೆ ಹೊರತು ಯಾವ ಓದುಗನೂ ಕಾಯಬೇಕಿಲ್ಲ. ಎರಡನೆಯದರಲ್ಲಿ ಬರೆಯುವವನಿಗೆ ಆದ್ಯತೆ: ಅವನು ಸಿದ್ಧನಾದ ಕೂಡಲೇ ಹೊಸ ಓದುಗರನ್ನು ತಡೆದು ಅವನಿಗೆ ದಾರಿ ಬಿಡಬೇಕು. ಮೊದಲನೆಯದರಲ್ಲಿ ಬರೆಯುವವನು, ಎರಡನೆಯದರಲ್ಲಿ ಓದುಗ ಕೊನೆಯಿಲ್ಲದೆ ಕಾಯಬೇಕಾಗಬಹುದು. ಟೋನಿ ಹೋರ್ 1974ರಲ್ಲಿ ಮಾನಿಟರ್ ಕುರಿತ ಪ್ರಬಂಧದಲ್ಲಿ ಒಂದು ರಾಜಿ ಸೂತ್ರ ಕೊಟ್ಟರು. ಬರೆಯುವವನು ಕಾಯುತ್ತಿದ್ದರೆ ಹೊಸ ಓದುಗ ಒಳಗೆ ಹೋಗುವಂತಿಲ್ಲ. ಅವನು ಬರೆದು ಮುಗಿಸಿದಾಗ ಕಾದು ನಿಂತ ಓದುಗರಿಗೆಲ್ಲ ಮೊದಲ ಅವಕಾಶ.

ಅಂದಿನ ಚರ್ಚೆಯೆಲ್ಲ ಸರದಿಯ ನ್ಯಾಯದ ಸುತ್ತಲೇ ಇತ್ತು. 1971ರ ಪರಿಹಾರದ ನಡುವೆ ಕುಳಿತಿದ್ದ ‘ರೀಡ್‌ಕೌಂಟ್’ ಎಂಬ ಪುಟ್ಟ ಚರಾಂಶ ಯಾರ ಕಣ್ಣಿಗೂ ದೋಷವಾಗಿ ಕಂಡಿರಲಿಲ್ಲ. ಒಳಬರುವ ಪ್ರತಿ ಓದುಗನೂ ಅದಕ್ಕೆ ಒಂದನ್ನು ಕೂಡಿಸುತ್ತಾನೆ, ಹೋಗುವಾಗ ಕಳೆಯುತ್ತಾನೆ. ಮೊದಲ ಓದುಗ ಬರೆಯುವವರ ಬಾಗಿಲು ಹಾಕುತ್ತಾನೆ, ಕೊನೆಯವನು ತೆಗೆಯುತ್ತಾನೆ. ಆ ಕೂಡಿಸಿ ಕಳೆಯುವ ಕೆಲಸಕ್ಕೇ ಮತ್ತೊಂದು ಸೆಮಫೋರ್ ಬೇಕು. ಅಂದರೆ ಓದಲು ಬಂದವನು ಮೊದಲು ಬರೆಯಬೇಕು.

ಓದುವುದೇ ಬರೆಯುವುದಾದಾಗ

ಒಂದೇ ಪ್ರೊಸೆಸರ್ ಇರುವ ಯಂತ್ರದಲ್ಲಿ ಈ ಲೆಕ್ಕ ಅಗ್ಗ. ಹಲವು ಪ್ರೊಸೆಸರ್‌ಗಳು ಒಂದೇ ಮೆಮೊರಿಯನ್ನು ಹಂಚಿಕೊಂಡಾಗ ಕತೆ ಬದಲಾಗುತ್ತದೆ. ಪ್ರತಿ ಪ್ರೊಸೆಸರ್‌ಗೂ ತನ್ನದೇ ಕ್ಯಾಶ್ ಇರುತ್ತದೆ. ಒಂದು ದತ್ತಾಂಶವನ್ನು ಎಲ್ಲರೂ ಬರೀ ಓದುತ್ತಿದ್ದರೆ ಅದರ ಪ್ರತಿಗಳು ಎಲ್ಲ ಕ್ಯಾಶ್‌ಗಳಲ್ಲೂ ಇರಬಹುದು. ಒಬ್ಬರು ಬರೆದ ಕ್ಷಣ ಉಳಿದ ಪ್ರತಿಗಳೆಲ್ಲ ರದ್ದಾಗುತ್ತವೆ. ಮುಂದಿನವನು ಆ ಕ್ಯಾಶ್ ಲೈನನ್ನು ಬರೆದವನ ಬಳಿಯಿಂದ ತರಿಸಿಕೊಳ್ಳಬೇಕು. ತನ್ನ ಕ್ಯಾಶ್‌ನಲ್ಲೇ ಇದ್ದರೆ ಒಂದು ನ್ಯಾನೊಸೆಕೆಂಡಿನ ಆಸುಪಾಸಿನಲ್ಲಿ ಸಿಗುವ ದತ್ತಾಂಶ, ಬೇರೆ ಸಾಕೆಟ್‌ನಿಂದ ಬರಬೇಕಾದರೆ ನೂರು ನ್ಯಾನೊಸೆಕೆಂಡಿನಷ್ಟು ಹಿಡಿಯಬಹುದು. ರೀಡ್‌ಕೌಂಟ್ ಕುಳಿತ ಕ್ಯಾಶ್ ಲೈನು ಹೀಗೆ ಪ್ರೊಸೆಸರ್‌ನಿಂದ ಪ್ರೊಸೆಸರ್‌ಗೆ ಅಲೆಯುತ್ತಿರುತ್ತದೆ. ಬರೆಯುವವನು ಒಬ್ಬನೂ ಇಲ್ಲದಿದ್ದರೂ ಓದುಗರೇ ಓದುಗರನ್ನು ತಡೆಯುತ್ತಾರೆ.

ಲಿನಕ್ಸ್ ಈ ಕಷ್ಟಕ್ಕೆ ತಡವಾಗಿ ಬಂತು. 1996ರ 2.0 ಆವೃತ್ತಿ ಬಹುಪ್ರೊಸೆಸರ್ ಯಂತ್ರಗಳಲ್ಲಿ ಓಡಿತಾದರೂ ಕರ್ನಲ್‌ಗೆಲ್ಲ ಸೇರಿ ಒಂದೇ ದೊಡ್ಡ ಲಾಕ್ ಇತ್ತು. ಅದರ ಕೊನೆಯ ಕುರುಹು ಅಳಿದದ್ದು 2011ರ 2.6.39ರಲ್ಲಿ. ಆ ದೊಡ್ಡ ಲಾಕನ್ನು ಒಡೆಯುತ್ತ ಹೋದಂತೆ, ಓದುಗರ ಲೆಕ್ಕವನ್ನೂ ಒಡೆಯುವ ಯತ್ನ ನಡೆಯಿತು. 2.4 ಸರಣಿಯಲ್ಲಿದ್ದ ‘ಬಿಗ್ ರೀಡರ್ ಲಾಕ್’ ಪ್ರತಿ ಪ್ರೊಸೆಸರ್‌ಗೂ ಬೇರೆ ಬೇರೆ ಲಾಕ್ ಕೊಟ್ಟಿತು. ಓದುಗ ತನ್ನದೊಂದನ್ನು ಹಿಡಿದರೆ ಸಾಕು. ಬರೆಯುವವನು ಎಲ್ಲವನ್ನೂ ಹಿಡಿಯಬೇಕು. ಓದು ಅಗ್ಗವಾಯಿತು, ಬರಹ ಪ್ರೊಸೆಸರ್‌ಗಳ ಸಂಖ್ಯೆಗೆ ತಕ್ಕಂತೆ ದುಬಾರಿಯಾಯಿತು.

2003ರಲ್ಲಿ ಸ್ಟೀಫನ್ ಹೆಮ್ಮಿಂಗರ್ ಅವರ ಮೂಲಕ ಕರ್ನಲ್ ಸೇರಿದ ಸೀಕ್ವೆನ್ಸ್ ಲಾಕ್ ಇನ್ನೊಂದು ದಿಕ್ಕಿನದು. ಅಲ್ಲಿ ಓದುಗ ಏನನ್ನೂ ಬರೆಯುವುದಿಲ್ಲ. ಬರೆಯುವವನು ಕೆಲಸಕ್ಕೆ ಮೊದಲು ಒಂದು ಕ್ರಮಸಂಖ್ಯೆಯನ್ನು ಬೆಸ ಮಾಡುತ್ತಾನೆ, ಮುಗಿದಾಗ ಸಮ ಮಾಡುತ್ತಾನೆ. ಓದುಗ ಮೊದಲೂ ಕೊನೆಗೂ ಆ ಸಂಖ್ಯೆಯನ್ನು ನೋಡಿಕೊಳ್ಳುತ್ತಾನೆ. ಅದು ಬೆಸವಾಗಿದ್ದರೆ ಅಥವಾ ನಡುವೆ ಬದಲಾಗಿದ್ದರೆ ಮತ್ತೆ ಓದುತ್ತಾನೆ. ಗಡಿಯಾರದ ಸಮಯವನ್ನು ಓದಲು ಇದು ಹೇಳಿ ಮಾಡಿಸಿದಂತಿತ್ತು. ಆದರೆ ಪಾಯಿಂಟರ್‌ಗಳ ಸರಪಳಿಗೆ ಇದೊಂದೇ ಸಾಲದು. ಓದುಗ ಮತ್ತೆ ಪರೀಕ್ಷಿಸುವ ಮೊದಲೇ ಅವನು ಹಿಡಿದ ಮೆಮೊರಿ ಬಿಡುಗಡೆಯಾಗಿರಬಹುದು.

ನಾಲ್ಕು ಊರು, ಒಂದೇ ಉತ್ತರ

ಓದುಗರನ್ನು ಎಣಿಸದೆ, ಅವರು ಮುಗಿಸುವವರೆಗೆ ಹಳೆಯ ಪ್ರತಿಯನ್ನು ಉಳಿಸಿಕೊಂಡರೆ ಹೇಗೆ? ಈ ಉತ್ತರ ಒಂದೇ ಕಡೆ ಹುಟ್ಟಿದ್ದಲ್ಲ. ಕಾರ್ನೆಗಿ ಮೆಲನ್‌ನ ಎಚ್.ಟಿ. ಕುಂಗ್ ಮತ್ತು ಫಿಲಿಪ್ ಲೇಮನ್ 1980ರಲ್ಲಿ ಬೈನರಿ ಸರ್ಚ್ ಟ್ರೀ ಕುರಿತ ಪ್ರಬಂಧದಲ್ಲಿ, ಕಿತ್ತುಹಾಕಿದ ಗ್ರಂಥಿಗಳನ್ನು (ನೋಡ್‌ಗಳನ್ನು) ತಕ್ಷಣ ಬಿಡುಗಡೆ ಮಾಡದೆ, ಯಾರೂ ಬಳಸದ ಮೆಮೊರಿಯನ್ನು ಮರಳಿ ಪಡೆಯುವ ಗಾರ್ಬೇಜ್ ಕಲೆಕ್ಟರ್‌ಗೆ ಒಪ್ಪಿಸಿದರು. ಐಬಿಎಂನ ಮೇನ್‌ಫ್ರೇಮ್ ವ್ಯವಸ್ಥೆಗಾಗಿ ಹೆನ್ನೆಸ್ಸಿ, ಓಸಿಸೆಕ್ ಮತ್ತು ಸೀ ರೂಪಿಸಿದ ‘ಪ್ಯಾಸಿವ್ ಸೀರಿಯಲೈಸೇಷನ್’ಗೆ 1989ರಲ್ಲಿ ಪೇಟೆಂಟ್ ಸಿಕ್ಕಿತು. ಟೊರಾಂಟೊ ವಿಶ್ವವಿದ್ಯಾಲಯದ ಟೊರ್ನೇಡೊ ಎಂಬ ಸಂಶೋಧನಾ ಆಪರೇಟಿಂಗ್ ಸಿಸ್ಟಂ ಕೂಡ ಇಂಥದೇ ತಂತ್ರವನ್ನು ಬಳಸಿತು.

ಲಿನಕ್ಸ್‌ಗೆ ನೇರವಾಗಿ ಹರಿದು ಬಂದದ್ದು ನಾಲ್ಕನೆಯ ಧಾರೆ. ಅಮೆರಿಕದ ಆರೆಗನ್ ರಾಜ್ಯದ ಸೀಕ್ವೆಂಟ್ ಕಂಪನಿ 1983ರಲ್ಲಿ ಹುಟ್ಟಿದ್ದೇ ಬಹುಪ್ರೊಸೆಸರ್ ಯಂತ್ರಗಳಿಗಾಗಿ. ಅದರ ಡೈನಿಕ್ಸ್/ಪಿಟಿಎಕ್ಸ್ ಎಂಬ ಯೂನಿಕ್ಸ್‌ನಲ್ಲಿ ಪಾಲ್ ಮೆಕೆನ್ನಿ ಮತ್ತು ಜಾನ್ ಸ್ಲಿಂಗ್‌ವೈನ್ ಈ ತಂತ್ರವನ್ನು ಕೂರಿಸಿ 1993ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. 1995ರಲ್ಲಿ ಅದು ಮಂಜೂರಾಯಿತು. 1998ರ ಪ್ರಬಂಧದಲ್ಲಿ ಅವರು ಅದನ್ನು ‘ರೀಡ್-ಕಾಪಿ ಅಪ್‌ಡೇಟ್’ ಎಂಬ ಹೆಸರಿನಲ್ಲಿ ಮಂಡಿಸಿದರು. ಇಂದಿನ ಬಳಕೆಯ ಹೆಸರು ಆರ್‌ಸಿಯು.

ತಂತ್ರವನ್ನು ಹತ್ತಿರದಿಂದ ನೋಡೋಣ. ‘ಅ’, ‘ಆ’, ‘ಇ’ ಎಂಬ ಮೂರು ಗ್ರಂಥಿಗಳ ಸರಪಳಿ ಇದೆ. ನಡುವಿನ ‘ಆ’ ಗ್ರಂಥಿಯನ್ನು ತೆಗೆಯಬೇಕು. ಬರೆಯುವವನು ‘ಅ’ ಗ್ರಂಥಿಯ ಪಾಯಿಂಟರನ್ನು ನೇರ ‘ಇ’ ಕಡೆಗೆ ತಿರುಗಿಸುತ್ತಾನೆ. ಇದು ಒಂದೇ ಏಟಿಗೆ ಆಗುವ ಬರಹ, ಅರ್ಧಕ್ಕೆ ನಿಲ್ಲುವುದಿಲ್ಲ. ಇನ್ನು ಮುಂದೆ ಬರುವ ಓದುಗರಿಗೆ ‘ಆ’ ಕಾಣುವುದಿಲ್ಲ. ಆಗಲೇ ಅದರ ಮೇಲೆ ನಿಂತ ಓದುಗನಿಗೂ ತೊಂದರೆಯಿಲ್ಲ. ಅದು ಇನ್ನೂ ‘ಇ’ ಕಡೆಗೆ ಬೆರಳು ತೋರಿಸುತ್ತಲೇ ಇದೆ. ಈಗ ಬರೆಯುವವನು ಕಾಯುತ್ತಾನೆ. ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತವರೆಲ್ಲ ಎದ್ದ ಮೇಲೆಯೇ ಎಲೆ ಎತ್ತುವ ಹಾಗೆ, ಅಳಿಸುವ ಹೊತ್ತಿಗೆ ಒಳಗಿದ್ದ ಓದುಗರೆಲ್ಲ ಹೊರಟ ಮೇಲೆಯೇ ಮೆಮೊರಿಯನ್ನು ಬಿಡುಗಡೆ ಮಾಡುತ್ತಾನೆ. ಆಮೇಲೆ ಬಂದವರು ಲೆಕ್ಕಕ್ಕಿಲ್ಲ. ಈ ಅವಧಿಗೆ ಗ್ರೇಸ್ ಪೀರಿಯಡ್ ಎನ್ನುತ್ತಾರೆ.

ಎಲ್ಲರೂ ಹೊರಟರೆಂದು ಎಣಿಸದೆ ತಿಳಿಯುವುದು ಹೇಗೆ? ಇಲ್ಲಿದೆ ಡೈನಿಕ್ಸ್ ತಂಡದ ಜಾಣ್ಮೆ. ಆ ಕರ್ನಲ್‌ನಲ್ಲಿ ಓದುಗ ಓದಿನ ನಡುವೆ ಮಲಗುವಂತಿಲ್ಲ, ಅವನನ್ನು ಎಬ್ಬಿಸಿ ಬೇರೊಬ್ಬನನ್ನು ಕೂರಿಸುವಂತೆಯೂ ಇಲ್ಲ. ಹಾಗಾಗಿ ಒಂದು ಪ್ರೊಸೆಸರ್ ಒಂದು ಕೆಲಸದಿಂದ ಇನ್ನೊಂದಕ್ಕೆ ಬದಲಾಯಿತೆಂದರೆ, ಅಲ್ಲಿನ ಹಿಂದಿನ ಓದೆಲ್ಲ ಮುಗಿದಂತೆ. ಎಲ್ಲ ಪ್ರೊಸೆಸರ್‌ಗಳೂ ಒಮ್ಮೆ ಹೀಗೆ ಬದಲಾದರೆ ಹಳೆಯ ಓದುಗ ಒಬ್ಬನೂ ಉಳಿದಿಲ್ಲ. ಓದುಗ ಏನನ್ನೂ ಬರೆಯಲಿಲ್ಲ, ಯಾವ ಲಾಕನ್ನೂ ಹಿಡಿಯಲಿಲ್ಲ. ಲೆಕ್ಕದ ಭಾರವೆಲ್ಲ ಬರೆಯುವವನ ಪಾಲಿಗೆ ಹೋಯಿತು. ಇಬ್ಬರು ಬರೆಯುವವರು ಎದುರಾದರೆ ಅವರಿಬ್ಬರ ನಡುವೆ ಹಳೆಯ ಲಾಕ್ ಬೇಕೇ ಬೇಕು. ಆರ್‌ಸಿಯು ಅದನ್ನು ಬಿಡಿಸುವ ಭರವಸೆ ಕೊಟ್ಟಿರಲೇ ಇಲ್ಲ.

ಒಟ್ಟಾವಾದಿಂದ ಬೆಂಗಳೂರಿಗೆ

1999ರಲ್ಲಿ ಐಬಿಎಂ ಸೀಕ್ವೆಂಟ್ ಕಂಪನಿಯನ್ನು ಕೊಂಡಿತು. ಪೇಟೆಂಟ್ ಐಬಿಎಂ ಕೈಗೆ ಬಂದದ್ದರಿಂದ ಅದನ್ನು ಲಿನಕ್ಸ್‌ನಲ್ಲಿ ಬಳಸುವ ದಾರಿ ತೆರೆಯಿತು. 2001ರ ಒಟ್ಟಾವಾ ಲಿನಕ್ಸ್ ಸಿಂಪೋಸಿಯಂನಲ್ಲಿ ಮಂಡನೆಯಾದ ಪ್ರಬಂಧದ ಲೇಖಕರ ಪಟ್ಟಿಯೇ ಒಂದು ದಾಖಲೆ. ಸೀಕ್ವೆಂಟ್‌ನಿಂದ ಬಂದ ಮೆಕೆನ್ನಿ, ಟೊರ್ನೇಡೊ ಹಿನ್ನೆಲೆಯ ಜೊನಾಥನ್ ಅಪ್ಪಾವೂ ಮತ್ತು ಓರನ್ ಕ್ರೀಗರ್, ಲಿನಕ್ಸ್ ಬಳಗದ ಆಂಡಿ ಕ್ಲೀನ್ ಮತ್ತು ರಸ್ಟಿ ರಸೆಲ್, ಜೊತೆಗೆ ಐಬಿಎಂನ ಬೆಂಗಳೂರು ತಂಡದ ದೀಪಾಂಕರ್ ಶರ್ಮಾ ಮತ್ತು ಮನೀಶ್ ಸೋನಿ. ಬೇರೆ ಬೇರೆ ಹುಟ್ಟಿದ ಧಾರೆಗಳು ಆ ಒಂದು ಪ್ರಬಂಧದಲ್ಲಿ ಕೂಡಿಕೊಂಡವು.

ಆಗ ಲಿನಕ್ಸ್‌ಗಾಗಿ ಒಂದಕ್ಕಿಂತ ಹೆಚ್ಚು ಆರ್‌ಸಿಯು ರೂಪಗಳು ಪೈಪೋಟಿಯಲ್ಲಿದ್ದವು. ಕೊನೆಗೆ ಲೈನಸ್ ಟೊರ್ವಾಲ್ಡ್ಸ್ 2002ರ ಅಕ್ಟೋಬರ್‌ನಲ್ಲಿ 2.5.43 ಆವೃತ್ತಿಗೆ ಸೇರಿಸಿಕೊಂಡದ್ದು ಶರ್ಮಾ ಸಿದ್ಧಪಡಿಸಿದ ರೂಪವನ್ನು. ಇಂದು ಜಗತ್ತಿನ ಆಂಡ್ರಾಯ್ಡ್ ಫೋನುಗಳೂ ಸರ್ವರ್‌ಗಳೂ ಆಧರಿಸಿರುವ ಒಂದು ಸೌಕರ್ಯದ ಮೊದಲ ಅಧಿಕೃತ ರೂಪಕ್ಕೆ ಬೆಂಗಳೂರಿನ ನಂಟಿದೆ ಎಂಬುದು ಕರ್ನಾಟಕದ ತಂತ್ರಜ್ಞಾನ ಚರಿತ್ರೆ ಬರೆಯುವವರು ಮರೆಯಬಾರದ ಸಂಗತಿ. ನಗರದ ಸಾಫ್ಟ್‌ವೇರ್ ಕತೆಯನ್ನು ಹೊರಗುತ್ತಿಗೆಯ ಲೆಕ್ಕದಲ್ಲೇ ಹೇಳಿ ಮುಗಿಸುವ ವಾಡಿಕೆಗೆ ಇಂಥ ಸಾಕ್ಷ್ಯಗಳು ತಿದ್ದುಪಡಿ ಬೇಡುತ್ತವೆ.

ಮರುವರ್ಷವೇ ಆರ್‌ಸಿಯು ನ್ಯಾಯಾಲಯದ ಕಡತ ಸೇರಿತು. ಎಸ್‌ಸಿಒ ಕಂಪನಿ ಐಬಿಎಂ ಮೇಲೆ 2003ರ ಮಾರ್ಚ್‌ನಲ್ಲಿ ಹೂಡಿದ ದಾವೆಯಲ್ಲಿ, ಯೂನಿಕ್ಸ್ ಪರವಾನಗಿಯ ಕರಾರು ಮೀರಿ ಲಿನಕ್ಸ್‌ಗೆ ಕೊಟ್ಟದ್ದೆಂದು ಆರೋಪಿಸಿದ ಅಂಶಗಳಲ್ಲಿ ಇದೂ ಒಂದಾಯಿತು. ಆ ವ್ಯಾಜ್ಯ ರಾಜಿಯಲ್ಲಿ ಮುಗಿದದ್ದು 2021ರಲ್ಲಿ. ಅಷ್ಟರಲ್ಲಿ ತಂತ್ರ ಕರ್ನಲ್‌ನ ಮೂಲೆಮೂಲೆಗೂ ಹಬ್ಬಿತ್ತು.

ಒಂದು ಫೈಲಿನ ಹಾದಿ

ಆರ್‌ಸಿಯು ಬಂದ ಕೂಡಲೇ ಲೆಕ್ಕ ಮಾಯವಾಗಲಿಲ್ಲ ಎಂಬುದಕ್ಕೆ ಡೈರೆಕ್ಟರಿ ಕ್ಯಾಶ್ ಒಳ್ಳೆಯ ನಿದರ್ಶನ. ಒಂದು ಫೈಲು ತೆರೆಯಬೇಕಾದರೆ ಕರ್ನಲ್ ಮೂಲ ಡೈರೆಕ್ಟರಿಯಿಂದ ಹೊರಟು ಹಾದಿಯ ಒಂದೊಂದೇ ಹೆಸರನ್ನು ಹುಡುಕುತ್ತ ಇಳಿಯುತ್ತದೆ. 2.4ರಲ್ಲಿ ಈ ಹುಡುಕಾಟಕ್ಕೆ ಇಡೀ ವ್ಯವಸ್ಥೆಗೆ ಒಂದೇ ಲಾಕ್. ಬೆಂಗಳೂರಿನ ಮನೀಶ್ ಸೋನಿ ಮತ್ತು ಜೊತೆಗಾರರ ಕೆಲಸದಿಂದ 2.6ರಲ್ಲಿ ಹೆಸರು ಹುಡುಕುವುದು ಆರ್‌ಸಿಯು ನೆರಳಿಗೆ ಬಂತು. ಆದರೆ ಹೆಸರು ಬದಲಾವಣೆ ಕಾಡಿತು. ಓದುಗ ಒಂದು ಸರಪಳಿಯಲ್ಲಿ ನಡೆಯುತ್ತಿರುವಾಗಲೇ ಅವನು ನಿಂತ ಗ್ರಂಥಿ ಹೊಸ ಹೆಸರಿನೊಂದಿಗೆ ಬೇರೆ ಸರಪಳಿಗೆ ಹಾರಿದರೆ, ಅವನೂ ಅದರ ಜೊತೆ ಹಾರಿಬಿಡುತ್ತಾನೆ; ಇರುವ ಫೈಲನ್ನೇ ಇಲ್ಲವೆನ್ನುತ್ತಾನೆ. ಇದಕ್ಕೆ ಮದ್ದಾಗಿ ಬಂದದ್ದು ಸೀಕ್ವೆನ್ಸ್ ಲಾಕ್. ಹುಡುಕಿ ಸಿಗದಿದ್ದಾಗ, ನಡುವೆ ಹೆಸರು ಬದಲಾಗಿದ್ದರೆ ಮತ್ತೊಮ್ಮೆ ಹುಡುಕುವುದು.

ಆಮೇಲೂ ಹಾದಿಯ ಪ್ರತಿ ಗ್ರಂಥಿಯ ಮೇಲೆ ಒಂದು ಉಲ್ಲೇಖ ಎಣಿಕೆ ಉಳಿದಿತ್ತು. ಎಲ್ಲ ಹಾದಿಗಳೂ ಕೆಲವೇ ಮೇಲಿನ ಡೈರೆಕ್ಟರಿಗಳ ಮೂಲಕ ಹೋಗುವುದರಿಂದ ಆ ಕೆಲವೇ ಎಣಿಕೆಗಳ ಕ್ಯಾಶ್ ಲೈನುಗಳು ಎಲ್ಲ ಪ್ರೊಸೆಸರ್‌ಗಳ ನಡುವೆ ಎಳೆದಾಟಕ್ಕೆ ಸಿಕ್ಕವು: 1971ರ ರೀಡ್‌ಕೌಂಟ್ ಹೊಸ ವೇಷದಲ್ಲಿ ಮರಳಿತ್ತು. 2011ರ 2.6.38ರಲ್ಲಿ ನಿಕ್ ಪಿಗ್ಗಿನ್ ಅದನ್ನೂ ಬಿಡಿಸಿದರು. ಈಗ ಓದುಗ ಹಾದಿಯುದ್ದಕ್ಕೂ ಏನನ್ನೂ ಬರೆಯದೆ ನಡೆಯುತ್ತಾನೆ, ಪ್ರತಿ ಹೆಜ್ಜೆಗೂ ಗ್ರಂಥಿಯ ಕ್ರಮಸಂಖ್ಯೆಯನ್ನು ಪರೀಕ್ಷಿಸುತ್ತಾನೆ, ಎಡವಿದರೆ ಎಣಿಕೆ ಇಡುವ ಹಳೆಯ ಕ್ರಮಕ್ಕೆ ಮರಳುತ್ತಾನೆ.

ಲೆಕ್ಕ ಮರಳುವ ಜಾಗಗಳು

ಸರಳ ಆರ್‌ಸಿಯು ನಿಂತಿದ್ದ ನೆಲವೂ ಅಲುಗಾಡಿತು. ರಿಯಲ್-ಟೈಮ್ ಕೆಲಸಗಳಿಗೆ ಕರ್ನಲ್‌ನೊಳಗಿನ ಓದುಗನನ್ನೂ ನಡುವೆಯೇ ತಡೆಯುವ ಅನುಕೂಲ ಬೇಕಿತ್ತು. ಆಗ ಪ್ರೊಸೆಸರ್ ಕೆಲಸ ಬದಲಿಸಿತೆಂದರೆ ಓದು ಮುಗಿಯಿತೆಂಬ ಊಹೆ ನಿಲ್ಲುವುದಿಲ್ಲ. 2008ರ 2.6.25ರಲ್ಲಿ ಬಂದ ಪ್ರಿಎಂಪ್ಟಿಬಲ್ ಆರ್‌ಸಿಯು ಓದುಗರ ಲೆಕ್ಕವನ್ನು ಮತ್ತೆ ತಂದಿತು, ಆದರೆ ಎಲ್ಲರೂ ಹಂಚಿಕೊಳ್ಳುವ ಒಂದೇ ಜಾಗದಲ್ಲಿ ಇಡಲಿಲ್ಲ. ಮುಂದೆ ಪ್ರೊಸೆಸರ್‌ಗಳು ನೂರಾರಾದಾಗ, ನನ್ನ ಸರದಿ ಮುಗಿಯಿತೆಂದು ಅವೆಲ್ಲ ಒಂದೇ ಲಾಕ್ ಬಳಿ ವರದಿ ಮಾಡುವುದೇ ನೂಕುನುಗ್ಗಲಾಯಿತು. 2009ರ 2.6.29ರ ಟ್ರೀ ಆರ್‌ಸಿಯು ಆ ವರದಿಯನ್ನು ಮರದ ಕೊಂಬೆಗಳಂತೆ ಹಂತಹಂತವಾಗಿ ಮೇಲೇರಿಸಿತು.

ಹಳೆಯ ನ್ಯಾಯದ ಪ್ರಶ್ನೆಯೂ ಮರೆಯಾಗಲಿಲ್ಲ. ಲಿನಕ್ಸ್‌ನ ಸಾಮಾನ್ಯ ರೀಡರ್-ರೈಟರ್ ಲಾಕ್ ಬಹುಕಾಲ 1971ರ ಮೊದಲ ನೀತಿಯಂತೆಯೇ ಓದುಗರ ಪರವಾಗಿತ್ತು. ಬರೆಯುವವರು ಕಾದು ಕಾದು ಸೊರಗುತ್ತಿದ್ದರು. ವೈಮನ್ ಲಾಂಗ್ ರೂಪಿಸಿದ, ಸರದಿ ಪಾಲಿಸುವ ರೂಪ 2014ರ 3.16ರಲ್ಲಿ ಸೇರಿತು.

ತೀರ ಈಚಿನ ಅಧ್ಯಾಯ ಮೆಮೊರಿ ನಿರ್ವಹಣೆಯದು. ಒಂದು ಪ್ರೋಗ್ರಾಂನ ಎಲ್ಲ ಥ್ರೆಡ್‌ಗಳಿಗೂ ಸೇರಿ ಇರುವ ಎಂಮ್ಯಾಪ್ ಲಾಕ್ ಒಂದು ರೀಡರ್-ರೈಟರ್ ಸೆಮಫೋರ್. ಪೇಜ್ ಫಾಲ್ಟ್ ಆದಾಗಲೆಲ್ಲ, ಅಂದರೆ ಮುಟ್ಟಿದ ಮೆಮೊರಿ ಪುಟವನ್ನು ಕರ್ನಲ್ ಆಗ ಒದಗಿಸಬೇಕಾದಾಗಲೆಲ್ಲ, ಥ್ರೆಡ್‌ಗಳು ಅದನ್ನು ಓದುಗರಾಗಿ ಹಿಡಿಯುತ್ತಿದ್ದವು. ಹತ್ತಾರು ಥ್ರೆಡ್‌ಗಳನ್ನು ಒಟ್ಟಿಗೆ ಎಬ್ಬಿಸುವ ಆ್ಯಪ್‌ಗಳು ತೆರೆದುಕೊಳ್ಳಲು ತಡವಾಗುತ್ತಿದ್ದುದಕ್ಕೆ ಇದೂ ಒಂದು ಕಾರಣ. 2022ರ 6.1ರಲ್ಲಿ ಬಂದ, ಆರ್‌ಸಿಯು ಜೊತೆ ಹೊಂದುವ ಮೇಪಲ್ ಟ್ರೀ ಇದಕ್ಕೆ ಅಡಿಪಾಯವಾಯಿತು. 2023ರ 6.4ರಲ್ಲಿ ಸುರೇನ್ ಬಾಗ್ದಸಾರ್ಯನ್ ಅವರ ಕೆಲಸದಿಂದ ಮೆಮೊರಿಯ ಪ್ರತಿ ವಲಯಕ್ಕೂ ತನ್ನದೇ ಲಾಕ್ ಬಂತು. ಫಾಲ್ಟ್ ಆದ ಥ್ರೆಡ್ ತನ್ನ ವಲಯವನ್ನು ಆರ್‌ಸಿಯು ಮೂಲಕ ಹುಡುಕುತ್ತದೆ, ಕ್ರಮಸಂಖ್ಯೆ ಹೋಲಿಸಿ ಆ ವಲಯದ ಲಾಕನ್ನಷ್ಟೇ ಓದಿಗೆ ಹಿಡಿಯುತ್ತದೆ. ಆಗದಿದ್ದರೆ ಹಳೆಯ ದೊಡ್ಡ ಲಾಕ್‌ಗೆ ಮರಳುತ್ತದೆ. ಲೆಕ್ಕವಿಲ್ಲದ ಓದು, ಕ್ರಮಸಂಖ್ಯೆ, ಲೆಕ್ಕವಿಡುವ ಲಾಕ್, ಈ ಮೂರು ತಲೆಮಾರಿನ ಉತ್ತರಗಳೂ ಒಂದೇ ಪೇಜ್ ಫಾಲ್ಟ್‌ನ ಹಾದಿಯಲ್ಲಿ ಈಗ ಒಟ್ಟಿಗೆ ದುಡಿಯುತ್ತಿವೆ.