ಚಾಲನಾ ಪರೀಕ್ಷೆ ಮತ್ತು ದೇಹದ ಒತ್ತಡ ಪ್ರತಿಕ್ರಿಯೆ

ಚಾಲನಾ ಅನುಜ್ಞಾ ಪತ್ರದ ಪರೀಕ್ಷೆಗೆ ಹಾಜರಾಗುವ ಅರ್ಜಿದಾರರಲ್ಲಿ ಕೈನಡುಕ, ಅಂಗೈ ಬೆವರುವಿಕೆ ಹಾಗೂ ತ್ವರಿತ ಎದೆಬಡಿತ ಕಂಡುಬರುವುದು ಸಾಮಾನ್ಯ. ಇದು ಕೌಶಲ್ಯದ ಕೊರತೆಯಲ್ಲ. ತೀವ್ರ ಗಮನ ಬೇಡುವ ಕಾರ್ಯಕ್ಕೆ ದೇಹವು ನೀಡುವ ಸಹಜ ಪ್ರತಿಕ್ರಿಯೆ.

ರಸ್ತೆ, ಕನ್ನಡಿ, ಗೇರು ಇವೆಲ್ಲವನ್ನೂ ಒಟ್ಟಿಗೆ ಗಮನಿಸಬೇಕಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕ್ಷಣಗಳಲ್ಲಿಯೇ ಅಡ್ರಿನಲಿನ್ ಸ್ರವಿಸುತ್ತವೆ. ಕಾರ್ಟಿಸಾಲ್ ಎಂಬ ಹಾರ್ಮೋನು ನಿಧಾನವಾಗಿ ಏರಿ, ಸುಮಾರು 20ರಿಂದ 30 ನಿಮಿಷಗಳಲ್ಲಿ ಗರಿಷ್ಠ ಮಟ್ಟ ತಲುಪುತ್ತದೆ. ನಿರೀಕ್ಷಕರು ತಮ್ಮನ್ನು ಅಳೆಯುತ್ತಿದ್ದಾರೆಂಬ ಅರಿವು ಈ ಪ್ರತಿಕ್ರಿಯೆಯನ್ನು ಹೆಚ್ಚಿಸುತ್ತದೆ. ಮಿತವಾದ ಒತ್ತಡವು ಎಚ್ಚರವನ್ನು ವೃದ್ಧಿಸುತ್ತದೆ. ಅತಿಯಾದಲ್ಲಿ ಗಮನದ ವ್ಯಾಪ್ತಿ ಕುಗ್ಗಿ, ತಿಳಿದಿರುವ ಸಂಜ್ಞೆಯೂ ಮರೆತುಹೋಗಬಹುದು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು:

1. ಕಲಿಕಾ ಅನುಜ್ಞಾ ಪತ್ರದ ಅವಧಿಯಲ್ಲಿ ನಿತ್ಯವೂ ಅಭ್ಯಾಸ ಮಾಡುವುದು. ರೂಢಿಯಾದ ಕ್ರಿಯೆಗಳಿಗೆ ಕಡಿಮೆ ಗಮನ ಸಾಕಾಗುತ್ತದೆ.

2. ಪರೀಕ್ಷಾ ಸ್ಥಳಕ್ಕೆ ಮುಂಚಿತವಾಗಿ ತಲುಪುವುದು.

3. ಸರದಿಗಾಗಿ ಕಾಯುವಾಗ ನಿಧಾನವಾಗಿ, ದೀರ್ಘವಾಗಿ ಉಸಿರು ಹೊರಬಿಡುವುದು. ಇದರಿಂದ ಎದೆಬಡಿತ ಇಳಿಯುತ್ತದೆ.

4. ತೂಕಡಿಕೆ ತರುವ ಯಾವುದೇ ಮಾತ್ರೆ ಸೇವಿಸಿ ವಾಹನ ಚಲಾಯಿಸತಕ್ಕದ್ದಲ್ಲ.

ಅನುತ್ತೀರ್ಣರಾದವರು ಎದೆಗುಂದಬೇಕಾಗಿಲ್ಲ. ಮೋಟಾರು ವಾಹನಗಳ ಅಧಿನಿಯಮ, 1988ರ ಮೇರೆಗೆ 7 ದಿನಗಳ ನಂತರ ಪುನಃ ಪರೀಕ್ಷೆಗೆ ಹಾಜರಾಗಲು ಅವಕಾಶವಿರುತ್ತದೆ.