ಇಪ್ಪತ್ತು ಮೈಲಿ ಮರಳು

ನಮೀಬಿಯಾದ ಸೆಸ್ರೀಮ್‌ನಲ್ಲಿ ರಾಷ್ಟ್ರೀಯ ಉದ್ಯಾನದ ಗೇಟು ಸೂರ್ಯೋದಯದ ಹೊತ್ತಿಗೆ ತೆರೆಯುತ್ತದೆ. ಕತ್ತಲಲ್ಲೇ ಬಂದು ಸಾಲುಗಟ್ಟಿ ನಿಂತ ಪ್ರವಾಸಿಗರ ಗಾಡಿಗಳು ಪಶ್ಚಿಮಕ್ಕೆ ಹೊರಡುತ್ತವೆ. ಸುಮಾರು 60 ಕಿಲೋಮೀಟರ್ ಡಾಂಬರು ರಸ್ತೆ, ಆಮೇಲೆ ನಾಲ್ಕೈದು ಕಿಲೋಮೀಟರ್ ಬರೀ ಮರಳು. ನಡುವೆ ಗೇಟಿನಿಂದ 45 ಕಿಲೋಮೀಟರ್ ದೂರದಲ್ಲೊಂದು ದಿಬ್ಬವಿದೆ, ಅದರ ಹೆಸರೇ 'ಡ್ಯೂನ್ 45'. ಜನ ಅದರ ಏಣಿನ ಮೇಲೆ ಇರುವೆ ಸಾಲಿನಂತೆ ಹತ್ತುತ್ತಾರೆ. ಮುಂದೆ ಸೊಸುಸ್‌ಫ್ಲೇ, ಅದರ ಪಕ್ಕದಲ್ಲಿ 300 ಮೀಟರಿಗೂ ಎತ್ತರದ 'ಬಿಗ್ ಡ್ಯಾಡಿ', ಅದರ ಬುಡದಲ್ಲಿ ಡೆಡ್‌ಫ್ಲೇ ಎಂಬ ಬಿಳಿ ಜೇಡಿನೆಲ. ಆ ನೆಲದಲ್ಲಿ ಕರ್ರಗೆ ನಿಂತಿರುವ ಜಾಲಿ ಜಾತಿಯ ಮರಗಳು ಸತ್ತು ನೂರಾರು ವರ್ಷಗಳೇ ಆಗಿವೆ. ಕೊಳೆಯುವುದಕ್ಕೆ ಬೇಕಾದಷ್ಟು ತೇವವೂ ಇಲ್ಲದ್ದರಿಂದ ಇನ್ನೂ ನಿಂತಿವೆ. ಬಿಸಿಲೇರಿ ಮರಳು ಕಾಲು ಸುಡುವ ಹೊತ್ತಿಗೆ ಪ್ರವಾಸ ಮುಗಿಯುತ್ತದೆ. ಅರ್ಧ ದಿನದ ಕೆಲಸ.

ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಕೆಂಪು ಮರಳು ಮತ್ತು ಅಲ್ಲಿನ ಖಾಲಿತನ. ಮನುಷ್ಯರು ಬರುವ ಮುಂಚೆ ಲೋಕ ಹೀಗೇ ಇದ್ದಿರಬೇಕು ಅನ್ನಿಸುವಷ್ಟು ಖಾಲಿ. ಮರಳು ಹಳೆಯದು, ನಿಜ. ಆದರೆ ಆ ಖಾಲಿತನದ ದೊಡ್ಡ ಪಾಲಿಗೆ ನೂರನಲವತ್ತು ವರ್ಷಗಳಷ್ಟೇ ವಯಸ್ಸು. ಅದಕ್ಕೆ ತಾರೀಖುಗಳಿವೆ, ಸಹಿ ಹಾಕಿದ ಕಾಗದಗಳಿವೆ.

ಮೊದಲು ಮರಳಿನ ಮಾತು. ದಕ್ಷಿಣ ಆಫ್ರಿಕಾದ ಒಳನಾಡಿನ ಬೆಟ್ಟಗಳನ್ನು ಸವೆಸಿಕೊಂಡು ಬರುವ ಆರೆಂಜ್ ನದಿ ತನ್ನ ಮರಳನ್ನು ಅಟ್ಲಾಂಟಿಕ್ ಸಾಗರಕ್ಕೆ ಸುರಿಯುತ್ತದೆ. ಕಡಲ ಅಲೆಗಳೂ ಪ್ರವಾಹವೂ ಅದನ್ನು ಕರಾವಳಿಯುದ್ದಕ್ಕೂ ಉತ್ತರಕ್ಕೆ ಸಾಗಿಸುತ್ತವೆ. ದಕ್ಷಿಣದಿಂದ ಬೀಸುವ ಜೋರು ಗಾಳಿ ಅದನ್ನು ದಡದಿಂದೆತ್ತಿ ಒಳನಾಡಿಗೆ ತಳ್ಳುತ್ತದೆ. ಕಡಲಿನಿಂದ ದೂರ ಸರಿದಂತೆ ಮರಳಕಣಗಳ ಮೇಲಿನ ಕಬ್ಬಿಣಕ್ಕೆ ತುಕ್ಕು ಹಿಡಿದು ಬಣ್ಣ ಕೆಂಪಾಗುತ್ತದೆ. ಸೊಸುಸ್‌ಫ್ಲೇಯಲ್ಲಿ ಬೇರೆ ಬೇರೆ ದಿಕ್ಕಿನ ಗಾಳಿಗಳು ಸಂಧಿಸುವುದರಿಂದ ದಿಬ್ಬಗಳು ಹೆಚ್ಚು ಸರಿದಾಡದೆ ನಕ್ಷತ್ರದ ಆಕಾರದಲ್ಲಿ ಮೇಲಕ್ಕೇ ಬೆಳೆಯುತ್ತವೆ. ಇಲ್ಲಿನ ಮರಳು ಹತ್ತು ಲಕ್ಷ ವರ್ಷಗಳಿಗೂ ಹೆಚ್ಚು ಕಾಲದಿಂದ ಈ ಮರುಭೂಮಿಯಲ್ಲೇ ಅಲೆಯುತ್ತಿದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. 2013ರಲ್ಲಿ ಯುನೆಸ್ಕೋ ಈ ಮರಳ ಕಡಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅದೇ ಆರೆಂಜ್ ನದಿ ಮರಳಿನ ಜೊತೆಗೆ ಒಳನಾಡಿನಿಂದ ವಜ್ರಗಳನ್ನೂ ಹೊತ್ತು ತಂದಿತ್ತು. ಅದೇ ಅಲೆ, ಅದೇ ಗಾಳಿ ಅವನ್ನೂ ದಡಕ್ಕೆ ಹರಡಿದವು. ಆದರೆ ಆ ಗುಟ್ಟು ಬಯಲಾಗುವ ಮುಂಚೆಯೇ ಈ ನೆಲ ಕೈ ಬದಲಿಸಿತ್ತು.

1883ರ ಮೇ ತಿಂಗಳಲ್ಲಿ ಬ್ರೆಮೆನ್ ನಗರದ ತಂಬಾಕು ವ್ಯಾಪಾರಿ ಅಡಾಲ್ಫ್ ಲ್ಯೂಡೆರಿಟ್ಸ್‌ನ ಪರವಾಗಿ ಅವನ ಏಜೆಂಟ್ ಹೈನ್‌ರಿಖ್ ಫೋಗೆಲ್‌ಸಾಂಗ್, ಬೆಥಾನಿಯ ನಾಮಾ ಜನರ ನಾಯಕ ಯೋಸೆಫ್ ಫ್ರೆಡರಿಕ್ಸ್‌ನಿಂದ ಆಂಗ್ರಾ ಪೆಕೆನಾ ಎಂಬ ಕೊಲ್ಲಿಯನ್ನೂ ಅದರ ಸುತ್ತಲಿನ ನೆಲವನ್ನೂ ಕೊಂಡ. ಬೆಲೆ 100 ಪೌಂಡ್ ಮತ್ತು 200 ಬಂದೂಕು. ಆಗಸ್ಟ್‌ನಲ್ಲಿ ಎರಡನೇ ಕರಾರು ಆಯಿತು. ಆರೆಂಜ್ ನದಿಯಿಂದ ಉತ್ತರಕ್ಕೆ 26ನೇ ಅಕ್ಷಾಂಶದವರೆಗೆ, ಕಡಲ ದಡದಿಂದ ಒಳಕ್ಕೆ 20 ಮೈಲಿ ಅಗಲದ ಪಟ್ಟಿ. ಬೆಲೆ 500 ಪೌಂಡ್ ಮತ್ತು 60 ಬಂದೂಕು. ಕಡಲಂಚಿನ ಮರಳಿನಿಂದ ಹುಲ್ಲೂ ಇಲ್ಲ, ನೀರೂ ಇಲ್ಲ. ದನ, ಆಡು ಸಾಕುವ ಜನಕ್ಕೆ ಅದು ದೊಡ್ಡ ನಷ್ಟವಾಗಿ ಕಂಡಿರಲಾರದು.

ಆದರೆ ಯಾವ ಮೈಲಿ? ಆ ಸೀಮೆಯಲ್ಲಿ ವ್ಯವಹಾರಕ್ಕೆ ಬಳಕೆಯಲ್ಲಿದ್ದದ್ದು ಇಂಗ್ಲಿಷ್ ಮೈಲಿ. ಅದರಂತೆ 20 ಮೈಲಿ ಎಂದರೆ 32 ಕಿಲೋಮೀಟರ್. ಕಾಗದದಲ್ಲಿ ಬರೆದದ್ದು ಜರ್ಮನ್ ಭೌಗೋಳಿಕ ಮೈಲಿ. ಅದು ಒಂದೊಂದೂ ಏಳು ಕಿಲೋಮೀಟರಿಗಿಂತ ಉದ್ದ. ಹಾಗೆ ಅಳೆದರೆ ಪಟ್ಟಿಯ ಅಗಲ ಸುಮಾರು 150 ಕಿಲೋಮೀಟರ್ ಆಗುತ್ತದೆ. ಮರಳು ದಾಟಿ, ಹುಲ್ಲುಗಾವಲು ದಾಟಿ, ಫ್ರೆಡರಿಕ್ಸ್‌ನ ಜನರ ನೆಲದ ಬಹುಭಾಗವನ್ನೇ ಅದು ನುಂಗಿತು. ಮಾರಿದವನಿಗೆ ಇದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಚರಿತ್ರೆಯಲ್ಲಿ ಇದಕ್ಕೆ 'ಮೈಲಿ ಮೋಸ' ಎಂದೇ ಹೆಸರು. 1884ರ ಏಪ್ರಿಲ್‌ನಲ್ಲಿ ಬಿಸ್ಮಾರ್ಕ್ ಈ ಖರೀದಿಗೆ ಜರ್ಮನ್ ಸಾಮ್ರಾಜ್ಯದ ರಕ್ಷಣೆ ಘೋಷಿಸಿದ. ಜರ್ಮನ್ ನೈಋತ್ಯ ಆಫ್ರಿಕಾ ಎಂಬ ವಸಾಹತು ಶುರುವಾದದ್ದು ಹೀಗೆ. ಕೊಲ್ಲಿಗೂ ಅದರ ಊರಿಗೂ ವ್ಯಾಪಾರಿಯ ಹೆಸರೇ ಬಂತು.

ಸೊಸುಸ್‌ಫ್ಲೇ ಈ ಪಟ್ಟಿಗಿಂತ ಉತ್ತರದಲ್ಲಿದೆ. ಅದಕ್ಕೂ ಈ ಚರಿತ್ರೆ ತಟ್ಟದೆ ಹೋಗಲಿಲ್ಲ. ಮಳೆ ಚೆನ್ನಾಗಿ ಬಿದ್ದ ಅಪರೂಪದ ವರ್ಷಗಳಲ್ಲಿ ಅಲ್ಲಿಯವರೆಗೂ ಹರಿದು, ದಿಬ್ಬಗಳ ನಡುವೆ ಇಂಗಿಹೋಗುವ ತ್ಸೌಖಾಬ್ ನದಿ ಹುಟ್ಟುವುದು ಪೂರ್ವದ ನೌಕ್ಲುಫ್ಟ್ ಬೆಟ್ಟಗಳ ಸೀಮೆಯಲ್ಲಿ. 1894ರಲ್ಲಿ ನಾಮಾ ನಾಯಕ ಹೆಂಡ್ರಿಕ್ ವಿಟ್‌ಬೋಯಿ ತನ್ನ ಜನರೊಡನೆ ಆ ಬೆಟ್ಟಗಳ ಕಣಿವೆಯಲ್ಲೇ ಜರ್ಮನ್ ಸೇನೆಯನ್ನು ಎದುರಿಸಿದ. ಸೆಪ್ಟೆಂಬರ್‌ನಲ್ಲಿ ಸೋತು ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಹತ್ತು ವರ್ಷಗಳ ಬಳಿಕ, 1904ರಲ್ಲಿ, ಮೊದಲು ಹೆರೆರೋ ಜನ, ಆಮೇಲೆ ನಾಮಾ ಜನ ದಂಗೆಯೆದ್ದರು. ಜನರಲ್ ಲೋಥರ್ ಫಾನ್ ಟ್ರೋಥಾ ಅಕ್ಟೋಬರ್‌ನಲ್ಲಿ ಹೊರಡಿಸಿದ ಆಜ್ಞೆ ವಸಾಹತಿನ ಗಡಿಯೊಳಗೆ ಕಂಡ ಪ್ರತಿಯೊಬ್ಬ ಹೆರೆರೋನನ್ನೂ ಗುಂಡಿಕ್ಕಲು ಹೇಳುತ್ತಿತ್ತು. ಎಪ್ಪತ್ತು ದಾಟಿದ್ದ ವಿಟ್‌ಬೋಯಿ 1905ರ ಅಕ್ಟೋಬರ್‌ನಲ್ಲಿ ಹೋರಾಟದಲ್ಲೇ ಸತ್ತ. 1985ರ ವಿಶ್ವಸಂಸ್ಥೆಯ ವಿಟೇಕರ್ ವರದಿಯ ಪ್ರಕಾರ ಸತ್ತವರು 65,000 ಹೆರೆರೋ ಮತ್ತು 10,000 ನಾಮಾ ಜನ. ಇಪ್ಪತ್ತನೇ ಶತಮಾನದ ಮೊದಲ ನರಮೇಧ ಎಂದು ಇತಿಹಾಸಕಾರರು ಇದನ್ನು ಕರೆಯುತ್ತಾರೆ.

ಸೆರೆಸಿಕ್ಕ ನಾಮಾ ಜನರಲ್ಲಿ ಬಹಳಷ್ಟು ಮಂದಿಯನ್ನು ಒಯ್ದದ್ದು ಲ್ಯೂಡೆರಿಟ್ಸ್ ಕೊಲ್ಲಿಯ ಶಾರ್ಕ್ ದ್ವೀಪಕ್ಕೆ. ಬರಿಬಂಡೆ, ಕೊರೆಯುವ ಗಾಳಿ, ಹರಿದ ಬಟ್ಟೆ, ಅರೆಹೊಟ್ಟೆ. ಅಲ್ಲಿಂದ ಕೈದಿಗಳನ್ನು ಬಂದರಿನ ಕೆಲಸಕ್ಕೂ ಲ್ಯೂಡೆರಿಟ್ಸ್‌ನಿಂದ ಮರುಭೂಮಿಗೆ ಅಡ್ಡಲಾಗಿ ಹಾಕುತ್ತಿದ್ದ ರೈಲು ಹಳಿಯ ಕೆಲಸಕ್ಕೂ ಅಟ್ಟಲಾಯಿತು. 1906ರ ಜನವರಿಯಿಂದ 1907ರ ಜೂನ್‌ವರೆಗೆ ಹಳಿಯ ಕೆಲಸಕ್ಕೆ ಹಚ್ಚಿದ 2,014 ಕೈದಿಗಳಲ್ಲಿ 1,359 ಮಂದಿ ಸತ್ತರು. ಸೇನೆಯ ದಾಖಲೆಯೇ ಕೊಡುವ ಲೆಕ್ಕ ಇದು.

ಆ ಹಳಿಯ ಮೇಲೆ ಗಾಳಿ ದಿನವೂ ಮರಳು ತಂದು ಸುರಿಯುತ್ತಿತ್ತು, ಅದನ್ನು ದಿನವೂ ಗುದ್ದಲಿಯಲ್ಲಿ ಬಾಚಬೇಕಿತ್ತು. 1908ರ ಏಪ್ರಿಲ್‌ನಲ್ಲಿ ಹೀಗೆ ಮರಳು ಬಾಚುತ್ತಿದ್ದ ಜಕಾರಿಯಸ್ ಲೆವಾಲಾ ಎಂಬ ಕೂಲಿಯಾಳಿಗೆ ಹೊಳೆಯುವ ಕಲ್ಲೊಂದು ಸಿಕ್ಕಿತು. ಹಿಂದೆ ವಜ್ರದ ಗಣಿಗಳಲ್ಲಿ ದುಡಿದಿದ್ದ ಅವನಿಗೆ ಕಲ್ಲಿನ ಗುರುತು ಹತ್ತಿತು. ತನ್ನ ಮೇಲಧಿಕಾರಿ ಆಗಸ್ಟ್ ಸ್ಟೌಖ್‌ಗೆ ತಂದುಕೊಟ್ಟ. ಸ್ಟೌಖ್ ಸದ್ದಿಲ್ಲದೆ ಪರವಾನಗಿ ಪಡೆದು ಭಾರಿ ಶ್ರೀಮಂತನಾದ. ಲೆವಾಲಾನಿಗೆ ಬಹುಮಾನ ಬರಲಿಲ್ಲ.

ಅದೇ ಸೆಪ್ಟೆಂಬರ್‌ನಲ್ಲಿ ಸರಕಾರ ಆರೆಂಜ್ ನದಿಯಿಂದ 26ನೇ ಅಕ್ಷಾಂಶದವರೆಗೆ, ದಡದಿಂದ 100 ಕಿಲೋಮೀಟರ್ ಒಳಕ್ಕೆ, ಇಡೀ ನೆಲವನ್ನು 'ಸ್ಪೆರ್‌ಗೆಬೀಟ್', ಅಂದರೆ ನಿಷೇಧಿತ ವಲಯ ಎಂದು ಸಾರಿತು. ಉದ್ದದ ಗಡಿಗಳು ಲ್ಯೂಡೆರಿಟ್ಸ್‌ನ ಎರಡನೇ ಕರಾರಿನವೇ. ಅನುಮತಿಯಿಲ್ಲದೆ ಯಾರೂ ಕಾಲಿಡುವಂತಿರಲಿಲ್ಲ. ಒಳಗೆ ಕೋಲ್ಮಾನ್ಸ್‌ಕೋಪ್ ಎಂಬ ಗಣಿ ಊರು ಎದ್ದಿತು. ಮರುಭೂಮಿಯ ನಡುವೆ ಐಸ್ ಕಾರ್ಖಾನೆ, ಎಕ್ಸ್-ರೇ ಯಂತ್ರವಿದ್ದ ಆಸ್ಪತ್ರೆ, ನಾಟಕ-ನೃತ್ಯಗಳಿಗೆ ಸಭಾಂಗಣ. ದಕ್ಷಿಣದಲ್ಲಿ ಇನ್ನೂ ದೊಡ್ಡ ವಜ್ರದ ನೆಲೆಗಳು ಸಿಕ್ಕ ಮೇಲೆ ಜನ ಅತ್ತ ಸರಿದರು. 1956ರ ಹೊತ್ತಿಗೆ ಊರು ಪೂರ್ತಿ ಬರಿದಾಯಿತು. ಬಾಚುವವರಿಲ್ಲದೆ ಮರಳು ಬಾಗಿಲು, ಕಿಟಕಿಗಳಿಂದ ಒಳನುಗ್ಗಿ ಕೋಣೆಗಳಲ್ಲಿ ಸೊಂಟದೆತ್ತರ ತುಂಬಿದೆ. ಇಂದು ಅದೂ ಟಿಕೆಟ್ ಕೊಟ್ಟು ನೋಡುವ ಜಾಗ, ಗೈಡ್ ಸಮೇತ.

ಒಂದು ಕಡೆ ಬೇಲಿ ವಜ್ರಕ್ಕಾಗಿ ಬಂತು, ಇನ್ನೊಂದು ಕಡೆ ವನ್ಯಜೀವಿಗಳಿಗಾಗಿ. 1907ರಲ್ಲಿ ಗವರ್ನರ್ ಲಿಂಡೆಕ್ವಿಸ್ಟ್ ಘೋಷಿಸಿದ ಮೂರು ಮೃಗಧಾಮಗಳಲ್ಲಿ ಒಂದು ನಮೀಬ್‌ನಲ್ಲಿತ್ತು. ಅದೇ ಬೆಳೆಯುತ್ತ, ಸುತ್ತಲಿನ ನೆಲಗಳನ್ನು ಸೇರಿಸಿಕೊಳ್ಳುತ್ತ, 1979ರಲ್ಲಿ ನಮೀಬ್-ನೌಕ್ಲುಫ್ಟ್ ಉದ್ಯಾನವಾಯಿತು. ಇಂದು ಅದರ ವಿಸ್ತೀರ್ಣ ಸುಮಾರು 50,000 ಚದರ ಕಿಲೋಮೀಟರ್, ಕೇರಳಕ್ಕಿಂತ ದೊಡ್ಡದು. ನಿಷೇಧಿತ ವಲಯವೂ 2008ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ನೂರು ವರ್ಷ ಮನುಷ್ಯರನ್ನು ಹೊರಗಿಟ್ಟದ್ದರಿಂದ ಅಲ್ಲಿನ ಗಿಡಮರ, ಪ್ರಾಣಿಪಕ್ಷಿಗಳು ಉಳಿದವು ಎಂಬುದು ಸುಳ್ಳಲ್ಲ. ಆದರೆ ಹೊರಗಿಟ್ಟ ಆ ಮನುಷ್ಯರು ಯಾರು ಎಂದು ಕೇಳದೆ ಮುಂದೆ ಹೋಗಲಾಗದು. ಉತ್ತರದ ಕುಯಿಸೆಬ್ ನದಿಪಾತ್ರದಲ್ಲಿ ತೋಪ್ನಾರ್ ಎಂಬ ನಾಮಾ ಪಂಗಡದವರು ಇಂದಿಗೂ ದಿಬ್ಬಗಳ ನಡುವೆ ಬೆಳೆಯುವ ನಾರಾ ಎಂಬ ಮುಳ್ಳುಹಣ್ಣನ್ನು ಕೊಯ್ದು ತಂದು ಬದುಕುತ್ತಾರೆ. ಈ ಮರಳಿಗೆ ಮನುಷ್ಯರು ಹೊಸಬರಲ್ಲ.

1990ರಲ್ಲಿ ಸ್ವತಂತ್ರವಾದ ದೇಶ ಈ ಮರುಭೂಮಿಯ ಹೆಸರನ್ನೇ ಇಟ್ಟುಕೊಂಡಿತು. 'ನಮೀಬ್' ನಾಮಾ ನುಡಿಯ ಪದ. ವಿಟ್‌ಬೋಯಿಯ ಮುಖ ಅಲ್ಲಿನ ನೋಟುಗಳ ಮೇಲಿದೆ. 2021ರಲ್ಲಿ ಜರ್ಮನಿ ನಡೆದದ್ದನ್ನು ನರಮೇಧವೆಂದು ಒಪ್ಪಿ, 30 ವರ್ಷಗಳಲ್ಲಿ 110 ಕೋಟಿ ಯೂರೋ ಕೊಡುವುದಾಗಿ ಹೇಳಿತು. ಮಾತುಕತೆಯಲ್ಲಿ ತಮ್ಮನ್ನು ಸರಿಯಾಗಿ ಕೂರಿಸಲೇ ಇಲ್ಲ ಎಂದು ಹೆರೆರೋ ಮತ್ತು ನಾಮಾ ನಾಯಕರಲ್ಲಿ ಬಹಳ ಮಂದಿ ಅದನ್ನು ತಿರಸ್ಕರಿಸಿದರು. ತಮ್ಮ ಪೂರ್ವಿಕರ ಬದಲು ಬೇರೆಯವರು ಅಳತೆ ಹಿಡಿದ ಕರಾರೊಂದನ್ನು ಅವರು ಹಿಂದೆಯೂ ಕಂಡವರು.

ಶಾರ್ಕ್ ದ್ವೀಪ ಈಗ ಪ್ರವಾಸಿಗರು ಡೇರೆ ಹಾಕುವ ಜಾಗ. ದಿಬ್ಬ ನೋಡಿ ದಕ್ಷಿಣಕ್ಕೆ ಬಂದವರು ಕಡಲಿಗೆ ಮುಖಮಾಡಿ ಅಲ್ಲಿ ರಾತ್ರಿ ತಂಗುತ್ತಾರೆ. ಡೇರೆಗಳ ಹತ್ತಿರದಲ್ಲೇ ಕಾರ್ನೇಲಿಯಸ್ ಫ್ರೆಡರಿಕ್ಸ್‌ನ ನೆನಪಿನ ಕಲ್ಲಿದೆ. ಅವನು ಬೆಥಾನಿಯ ನಾಮಾ ಜನರ ನಾಯಕ, 1907ರ ಫೆಬ್ರವರಿಯಲ್ಲಿ ಆ ದ್ವೀಪದ ಶಿಬಿರದಲ್ಲೇ ಸತ್ತವನು. ಇಪ್ಪತ್ತನಾಲ್ಕು ವರ್ಷ ಹಿಂದೆ ಯೋಸೆಫ್ ಫ್ರೆಡರಿಕ್ಸ್ 100 ಪೌಂಡಿಗೆ ಮಾರಿದ್ದು ಇದೇ ಕೊಲ್ಲಿಯನ್ನು.