ಕೈಗಾದ ಗುಮ್ಮಟ: ಅಣುಸ್ಥಾವರದ ಸುರಕ್ಷತೆ ಮತ್ತು ಪ್ರಭುತ್ವದ ಗಟ್ಟಿತನ

1994ರ ಮೇ 13ರಂದು ಉತ್ತರ ಕನ್ನಡದ ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೇ ಘಟಕದಲ್ಲಿ, ಕಟ್ಟಿ ಮುಗಿಯುವ ಹಂತದಲ್ಲಿದ್ದ ಒಳಗುಮ್ಮಟದ ಅಡಿಪದರ ಕಳಚಿ ಬಿತ್ತು. ಬಿದ್ದ ಕಾಂಕ್ರೀಟಿನ ತೂಕ ಸುಮಾರು 130 ಟನ್. 14 ಮಂದಿ ಕಾರ್ಮಿಕರಿಗೆ ಗಾಯಗಳಾದವು, ಯಾರ ಪ್ರಾಣವೂ ಹೋಗಲಿಲ್ಲ. ರಿಯಾಕ್ಟರಿಗೆ ಇನ್ನೂ ಇಂಧನ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಮಾತೇ ಬರಲಿಲ್ಲ. ಅಪಘಾತ ನಡೆದರೆ ವಿಕಿರಣ ಹೊರಗೆ ಬಾರದಂತೆ ತಡೆಯಬೇಕಾದ ಭಾಗವೇ ಹೀಗೆ ಕುಸಿದದ್ದು. ಈ ಘಟನೆಯನ್ನು ಎಂಜಿನಿಯರಿಂಗ್ ವೈಫಲ್ಯವೆಂದು ಬರೆದು ಮುಗಿಸಿದವರು ಹಲವರಿದ್ದಾರೆ. ನನಗೆ ಇದು ಆಡಳಿತದ ಇತಿಹಾಸವೂ ಹೌದು.

ಕೈಗಾ ಯಾಕೆ ಬೇಕಾಯಿತು ಎಂಬುದನ್ನು ಮೊದಲು ನ್ಯಾಯವಾಗಿ ಹೇಳಬೇಕು. ಶರಾವತಿಯ ಜಲವಿದ್ಯುತ್ತನ್ನು ನೆಚ್ಚಿಕೊಂಡಿದ್ದ ಕರ್ನಾಟಕದಲ್ಲಿ ಮಳೆ ಕೈಕೊಟ್ಟ ವರ್ಷ ಕರೆಂಟೂ ಕೈಕೊಡುತ್ತಿತ್ತು. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ಶುರುವಾದದ್ದೇ 1985ರಲ್ಲಿ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ರಾಜಾಜಿನಗರದ ಕೈಗಾರಿಕಾ ಪ್ರದೇಶದಿಂದ ಪೀಣ್ಯದವರೆಗೆ, ಲೇತು, ಮಿಲ್ಲಿಂಗ್ ಯಂತ್ರಗಳ ಸಣ್ಣ ಕಾರ್ಖಾನೆಗಳಿಗೆ ಪವರ್ ಕಟ್ ಎಂದರೆ ನಿಂತ ಯಂತ್ರ, ತಪ್ಪಿದ ವಾಯಿದೆ, ಮುರಿದ ಕೂಲಿ. ಮೈಸೂರು ರಸ್ತೆಯಲ್ಲಿ ಬಿಎಚ್‌ಇಎಲ್‌ನ ಎಲೆಕ್ಟ್ರಾನಿಕ್ಸ್ ವಿಭಾಗ ವಿದ್ಯುತ್ ಕೇಂದ್ರಗಳಿಗೆ ನಿಯಂತ್ರಣ ಸಲಕರಣೆ ತಯಾರಿಸುತ್ತದೆ. ಅಂದರೆ ಈ ಊರು ವಿದ್ಯುತ್ತನ್ನು ಬಳಸುವುದಷ್ಟೇ ಅಲ್ಲ, ಆ ಉದ್ಯಮದಿಂದ ಅನ್ನವನ್ನೂ ಉಣ್ಣುತ್ತದೆ. ಕಾಳಿ ನದಿಯ ದಡದ ಕೈಗಾದ ಕಾಡಿನಲ್ಲಿ ಏನಾಗುತ್ತದೆ ಎಂಬುದು ಬೆಂಗಳೂರಿನ ವಿಜಯನಗರದವರಿಗೂ ಸಂಬಂಧಪಟ್ಟ ವಿಷಯವೇ.

ವಿರೋಧ ಮೊದಲಿನಿಂದಲೂ ಇತ್ತು, ಮತ್ತು ಅದು ಅರಿವಿಲ್ಲದ ಭಯವಾಗಿರಲಿಲ್ಲ. ಸಾಹಿತಿ ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 1989ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕನ್ನಡದಿಂದ ನಿಂತು ಸೋತರು. ಆಗ ಅವರ ವಯಸ್ಸು 87. ಡಾ. ಕುಸುಮಾ ಸೊರಬ ಊರೂರು ತಿರುಗಿ ಜನರನ್ನು ಸಂಘಟಿಸಿದರು. ಅವರೆಲ್ಲ ಕೇಳುತ್ತಿದ್ದುದರ ತಿರುಳು ಇಷ್ಟು: ಕಟ್ಟುವವರ ಮೇಲೆ ಕಣ್ಣಿಡುವವರು ಯಾರು? ಅದೇ 1989ರಲ್ಲಿ ಎರಡೂ ಘಟಕಗಳ ಕಾಂಕ್ರೀಟ್ ಕೆಲಸ ಶುರುವಾಯಿತು.

ಗುಮ್ಮಟ ಯಾಕೆ ಕಳಚಿತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಂಥ ರಿಯಾಕ್ಟರಿಗೆ ಎರಡು ಕವಚಗಳಿರುತ್ತವೆ. ಒಳಕವಚದ ಕಾಂಕ್ರೀಟಿನಲ್ಲಿ ಕೊಳವೆಗಳನ್ನು ಹುದುಗಿಸಿ, ಅವುಗಳೊಳಗೆ ಉಕ್ಕಿನ ಕೇಬಲ್ಲುಗಳನ್ನು ಹಾಯಿಸಿ ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಒಳಗಿನಿಂದ ಹಬೆಯ ಒತ್ತಡ ಬಂದಾಗ ಕಾಂಕ್ರೀಟು ಬಿರಿಯದಿರಲಿ ಎಂದು ಈ ಬಿಗಿತ. ಆದರೆ ಗುಮ್ಮಟದಲ್ಲಿ ಕೇಬಲ್ಲು ಬಾಗಿಯೇ ಸಾಗಬೇಕು. ಬಾಗಿದ ಕೇಬಲ್ಲನ್ನು ಎಳೆದರೆ ಅದು ನೆಟ್ಟಗಾಗಲು ಹವಣಿಸುತ್ತದೆ. ಆಗ ಹುಟ್ಟುವ ಬಲ ಕಾಂಕ್ರೀಟಿನ ದಪ್ಪಕ್ಕೆ ಅಡ್ಡಲಾಗಿ ಕೆಲಸ ಮಾಡಿ, ಈರುಳ್ಳಿಯ ಹಾಗೆ ಪದರಪದರವಾಗಿ ಸೀಳಲು ನೋಡುತ್ತದೆ. ಕಾಂಕ್ರೀಟು ಒತ್ತಿದರೆ ಚೆನ್ನಾಗಿ ತಾಳುತ್ತದೆ, ಎಳೆದರೆ ಅಷ್ಟು ತಾಳುವುದಿಲ್ಲ. ಕೊಳವೆಗಳು ಒತ್ತೊತ್ತಾಗಿ ಒಂದೇ ಮಟ್ಟದಲ್ಲಿ ಸಾಲುಗೂಡಿದರೆ ಅಲ್ಲೇ ಬಲಹೀನ ಪದರವಾಗುತ್ತದೆ. ಮೇಲಿನ ಪದರವನ್ನೂ ಕೆಳಗಿನ ಪದರವನ್ನೂ ಹಿಡಿದಿಡುವ ಅಡ್ಡಕಂಬಿಗಳು ಸಾಕಷ್ಟಿಲ್ಲದಿದ್ದರೆ ಕೆಳಗಿನದು ಕಳಚಿಕೊಳ್ಳುತ್ತದೆ.

ಈ ಅಪಾಯ ಜಗತ್ತಿಗೆ ಹೊಸದಾಗಿರಲಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ 1970ರಲ್ಲಿ ಟರ್ಕಿ ಪಾಯಿಂಟ್, 1976ರಲ್ಲಿ ಕ್ರಿಸ್ಟಲ್ ರಿವರ್ ಸ್ಥಾವರಗಳ ಗುಮ್ಮಟಗಳು ಹೀಗೆಯೇ ಪದರ ಬಿಟ್ಟಿದ್ದವು. ಕ್ರಿಸ್ಟಲ್ ರಿವರ್‌ನಲ್ಲಿ 2009ರಲ್ಲಿ ಕವಚದ ಗೋಡೆಯೂ ಪದರ ಬಿಟ್ಟಿತು. ಕೊನೆಗೆ 2013ರಲ್ಲಿ ಆ ಸ್ಥಾವರವನ್ನು ಶಾಶ್ವತವಾಗಿ ಮುಚ್ಚುವ ತೀರ್ಮಾನವಾಯಿತು. ಒಂದು ದೇಶದಲ್ಲಿ ಕಲಿತ ಪಾಠ ಇನ್ನೊಂದು ದೇಶದ ನಕಾಶೆಯ ಮೇಜಿಗೆ ತಲುಪಬೇಕಾದರೆ ನಡುವೆ ಯಾರಾದರೂ ಪಟ್ಟುಹಿಡಿದು ಪ್ರಶ್ನೆ ಕೇಳಬೇಕು.

ಆ ಕೆಲಸಕ್ಕೆಂದೇ 1983ರ ನವೆಂಬರಿನಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿ ಹುಟ್ಟಿತು. ಆದರೆ ಅದು ವರದಿ ಒಪ್ಪಿಸಬೇಕಾಗಿದ್ದದ್ದು ಅಣುಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿ. ಸ್ಥಾವರ ಕಟ್ಟಿ ನಡೆಸುವ ಅಣುವಿದ್ಯುತ್ ನಿಗಮವೂ ಅದೇ ಇಲಾಖೆಯ ಕೈಕೆಳಗೆ. 1993ರಿಂದ 1996ರವರೆಗೆ ಮಂಡಳಿಯ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ ಈ ವ್ಯವಸ್ಥೆಯ ದೋಷವನ್ನು ಬಹಿರಂಗವಾಗಿ ಹೇಳಿದರು. ಅವರು ಬರುವುದಕ್ಕೆ ಸ್ವಲ್ಪ ಮೊದಲು, 1993ರ ಮಾರ್ಚ್ 31ರಂದು, ಉತ್ತರ ಪ್ರದೇಶದ ನರೋರಾ ಅಣುಸ್ಥಾವರದಲ್ಲಿ ಟರ್ಬೈನಿನ ಅಲಗು ಮುರಿದು ಬೆಂಕಿ ಹತ್ತಿತ್ತು. ಕೇಬಲ್ಲುಗಳು ಸುಟ್ಟು ಸ್ಥಾವರ ಸುಮಾರು 17 ಗಂಟೆ ಕತ್ತಲಾಗಿತ್ತು. ಸಿಬ್ಬಂದಿ ಟಾರ್ಚು ಹಿಡಿದು ಮೇಲೇರಿ, ಕೈಯಿಂದಲೇ ವಾಲ್ವು ತಿರುಗಿಸಿ ರಿಯಾಕ್ಟರಿಗೆ ಬೋರಾನ್ ದ್ರಾವಣ ಬಿಟ್ಟರು. ಆ ಧೈರ್ಯಕ್ಕೆ ತಲೆಬಾಗಲೇಬೇಕು. ಆದರೆ ಅಲಗಿನ ವಿನ್ಯಾಸದ ದೋಷದ ಬಗ್ಗೆ ಮೊದಲೇ ಎಚ್ಚರಿಕೆ ಬಂದಿತ್ತು ಎಂದು ಗೋಪಾಲಕೃಷ್ಣನ್ ನಂತರ ಬರೆದರು.

ಅವರ ಅವಧಿಯಲ್ಲಿ, 1995ರಲ್ಲಿ, ಮಂಡಳಿ ದೇಶದ ಅಣುಸ್ಥಾವರಗಳಲ್ಲಿ ಸರಿಪಡಿಸಬೇಕಾದ ಸುಮಾರು 130 ಸುರಕ್ಷತಾ ಅಂಶಗಳ ಪಟ್ಟಿ ಮಾಡಿತು. ಸರ್ಕಾರ ಅದನ್ನು ಗೋಪ್ಯವೆಂದಿತು. ನಾಗರಿಕ ಸಂಘಟನೆಗಳು ಮುಂಬಯಿ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋದವು. ದೇಶದ ಭದ್ರತೆಯ ನೆಲೆಯಲ್ಲಿ ಆ ಗೋಪ್ಯತೆಯನ್ನು 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಬಾಂಬಿನ ಗುಟ್ಟಿಗೆ ಗೋಪ್ಯತೆ ಬೇಕು, ಒಪ್ಪೋಣ. ಕೊಳವೆ, ಕೇಬಲ್ಲು, ಪಂಪುಗಳ ದೋಷವನ್ನೂ ಅದೇ ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ದೇಶಕ್ಕೆ ಯಾವ ಭದ್ರತೆಯೂ ಬರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಗೋಪ್ಯತೆಯ ಬೆಲೆ ಏನೆಂದು ತಿಳಿಯಲು ಸೋವಿಯತ್ ಒಕ್ಕೂಟದ ಕಥೆ ಇಲ್ಲಿ ನೆನಪಾಗಬೇಕು. ಚೆರ್ನೋಬಿಲ್ ಸ್ಫೋಟ 1986ರ ಏಪ್ರಿಲ್ 26ರಂದು. ಸರ್ಕಾರ ಬಾಯಿಬಿಟ್ಟದ್ದು 28ರ ಸಂಜೆ, ಅದೂ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದಲ್ಲಿ ವಿಕಿರಣ ಪತ್ತೆಯಾದ ಮೇಲೆ. ಆರು ವರ್ಷ ತುಂಬುವ ಮೊದಲೇ ಆ ಒಕ್ಕೂಟವೇ ಇಲ್ಲವಾಯಿತು. ಕುಸಿತದ ನಿಜವಾದ ಕಾರಣ ಬಹುಶಃ ಚೆರ್ನೋಬಿಲ್ಲೇ ಎಂದು ಗೋರ್ಬಚೆವ್ 2006ರಲ್ಲಿ ಬರೆದರು. ಆರ್ಥಿಕ ಕಾರಣಗಳನ್ನು ಬದಿಗಿಟ್ಟು ಅಷ್ಟು ದೂರ ಹೋಗಲು ನಾನು ಸಿದ್ಧನಿಲ್ಲ. ಆದರೆ ಸರ್ಕಾರದ ಮಾತನ್ನು ಜನ ನಂಬುವುದು ನಿಂತದ್ದು ಅಲ್ಲಿಂದ ಎಂಬುದರಲ್ಲಿ ಸಂದೇಹವಿಲ್ಲ. ನಮ್ಮ ಹಾಗೆಯೇ ಜಪಾನಿನಲ್ಲೂ ಅಣುವಿದ್ಯುತ್ತನ್ನು ಪ್ರೋತ್ಸಾಹಿಸುವ ಸಚಿವಾಲಯದ ಅಡಿಯಲ್ಲೇ ನಿಯಂತ್ರಕ ಸಂಸ್ಥೆ ಇತ್ತು. 2011ರ ಫುಕುಶಿಮಾ ದುರಂತವನ್ನು ಮನುಷ್ಯಕೃತವೆಂದು ಅಲ್ಲಿನ ಸಂಸತ್ತಿನ ತನಿಖಾ ಆಯೋಗವೇ ಹೇಳಿತು. 2012ರ ಸೆಪ್ಟೆಂಬರಿನಲ್ಲಿ ಜಪಾನ್ ಹೊಸ ನಿಯಂತ್ರಣ ಪ್ರಾಧಿಕಾರವನ್ನು ಕಟ್ಟಿತು. ನಮ್ಮಲ್ಲೂ 2011ರಲ್ಲಿ ಅಂಥ ಪ್ರಾಧಿಕಾರದ ಮಸೂದೆಯೊಂದು ಲೋಕಸಭೆಗೆ ಬಂತು, 2014ರಲ್ಲಿ ಆ ಲೋಕಸಭೆಯೊಂದಿಗೇ ಬಿದ್ದುಹೋಯಿತು. ನಡುವೆ 2012ರಲ್ಲಿ ಮಹಾಲೇಖಪಾಲರ ವರದಿ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಸ್ವಾಯತ್ತತೆಯಿಲ್ಲವೆಂದು ಎತ್ತಿ ತೋರಿಸಿತ್ತು.

ಕೈಗಾದ ಗುಮ್ಮಟವನ್ನು ವಿನ್ಯಾಸ ಬದಲಿಸಿ ಮತ್ತೆ ಕಟ್ಟಲಾಯಿತು. ಕಾಂಕ್ರೀಟಿನ ಗುಣಮಟ್ಟವೂ ಏರಿತು. ಎರಡನೇ ಘಟಕ 2000ದ ಮಾರ್ಚ್‌ನಲ್ಲಿ, ಒಂದನೆಯದು ಅದೇ ವರ್ಷದ ನವೆಂಬರಿನಲ್ಲಿ ವಾಣಿಜ್ಯ ಉತ್ಪಾದನೆಗೆ ಬಂದವು. ಗುಮ್ಮಟ ಕುಸಿದಿದ್ದ ಅದೇ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಆಗಿನ ವಿಶ್ವದಾಖಲೆ ಮಾಡಿತು. ಕೈಗಾದ ಎಂಜಿನಿಯರುಗಳ, ತಂತ್ರಜ್ಞರ ಕಸುಬುಗಾರಿಕೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ವಿಕಿರಣಶೀಲ ಟ್ರಿಟಿಯಂ ಬೆರೆತಾಗ ಅದು ಪತ್ತೆಯಾದದ್ದೂ ಕಾರ್ಮಿಕರ ಮೂತ್ರದ ವಾಡಿಕೆಯ ಪರೀಕ್ಷೆಯಿಂದ. ಅಳೆಯುವ ಪದ್ಧತಿ ಇದ್ದಲ್ಲಿ ತಪ್ಪು ಸಿಕ್ಕಿಬೀಳುತ್ತದೆ.

ಈಗ ಐದು ಮತ್ತು ಆರನೇ ಘಟಕಗಳ ಸರದಿ. ತಲಾ 700 ಮೆಗಾವ್ಯಾಟ್ ಸಾಮರ್ಥ್ಯದ ಈ ವಿನ್ಯಾಸದಲ್ಲಿ ಒಳಕವಚಕ್ಕೆ ಉಕ್ಕಿನ ಹೊದಿಕೆಯಿದೆ. ಹಳೆಯ ಘಟಕಗಳಿಗಿಂತ ಇದು ಗಟ್ಟಿ ಹೆಜ್ಜೆ. ಆದರೆ ಕವಚದ ಒತ್ತಡ ಪರೀಕ್ಷೆ, ಸೋರಿಕೆ ಪರೀಕ್ಷೆಗಳ ಅಂಕಿಗಳು ಕಾರವಾರ, ಯಲ್ಲಾಪುರದವರು ಓದುವಂತೆ ಕನ್ನಡದಲ್ಲೇ ಹೊರಬರಬೇಕು. 1995ರ ಆ ಪಟ್ಟಿಯಲ್ಲಿ ಯಾವ ಅಂಶವನ್ನು ಯಾವ ವರ್ಷ ಸರಿಪಡಿಸಲಾಯಿತು ಎಂಬ ಲೆಕ್ಕವೂ ಅದರ ಜೊತೆಗೇ ಬರಬೇಕು.